ಸ್ಟೆಪ್ನಿಯ ಸಾಕ್ಷಿ

ನಮ್ಮ ಮನೆಯಲ್ಲಿ ಈ ಕಥೆಯನ್ನು ಹೇಳುವುದು ಹೀಗೆ: ಅಪ್ಪನ ಕೈ ಸೋತಿತ್ತು, ಕಾರು ಓಡಿಸುವುದನ್ನು ಬಿಟ್ಟಿದ್ದರು, ಮಗಳು ಪಕ್ಕದಲ್ಲಿ ಕೂತು ಧೈರ್ಯ ತುಂಬಿದಳು, ಮತ್ತೆ ಓಡಿಸತೊಡಗಿದರು. ಕೇಳಲು ಚೆನ್ನಾಗಿದೆ. ನನಗೆ ಒಳ್ಳೆಯ ಪಾತ್ರವೂ ಸಿಕ್ಕಿದೆ. ಆದರೂ ಒಪ್ಪುವುದಿಲ್ಲ. ಅಪ್ಪನ ಧೈರ್ಯಕ್ಕೆ ಏನೂ ಆಗಿರಲಿಲ್ಲ. ಆಗಿದ್ದೆಲ್ಲ ಕಾರಿನ ಚಕ್ರಕ್ಕೆ.

ಅಪ್ಪ ಮೂವತ್ತು ವರ್ಷ ಬಸ್ಸಿನ ಡ್ರೈವರ್ ಆಗಿದ್ದವರು. ನಿವೃತ್ತರಾದ ಮೇಲೆ ಬೂಕನಕೆರೆ ಕಡೆಯ ನಮ್ಮೂರಿನಿಂದ ತಮ್ಮ ಪುಟ್ಟ ಕಾರಿನಲ್ಲಿ, ಕೆ.ಆರ್. ಪೇಟೆ ಮೇಲೆ ನಾಗಮಂಗಲದ ನನ್ನ ಅಕ್ಕನ ಮನೆಗೆ ತಿಂಗಳಿಗೆರಡು ಸಲ ಹೋಗಿಬರುತ್ತಿದ್ದರು. ಹೊರಡುವಾಗ ಟ್ರಿಪ್ ಮೀಟರನ್ನು ಸೊನ್ನೆಗೆ ತರುವುದು, ಅಕ್ಕನ ಗೇಟಿನ ಮುಂದೆ ನಿಲ್ಲಿಸಿ "ನಲವತ್ತು" ಅನ್ನುವುದು, ಇದು ಅವರ ಅಭ್ಯಾಸ. ಬೇರೆ ಸಂಖ್ಯೆ ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ.

ಚಿಕ್ಕಪ್ಪ ಕಬ್ಬಿನವನು. ಟ್ರಾಕ್ಟರು, ಟ್ರೈಲರು ಎಲ್ಲ ಅವನದೇ. ಅಣ್ಣನ ಕಾರು ಬಡವಾಗಿ ಕಾಣುತ್ತದೆಂದು ಪಾಂಡವಪುರದ ಅಂಗಡಿಯೊಂದರಲ್ಲಿ ಥಳಥಳಿಸುವ ಅಲಾಯ್ ರಿಮ್ಮು, ಅಗಲದ ಟೈರು ಹಾಕಿಸಿಕೊಂಡು ಬಂದ. ಚಕ್ರಗಳು ಮಡ್‌ಗಾರ್ಡಿನಿಂದ ಆಚೆಗೆ ಇಣುಕುತ್ತಿದ್ದವು. ಹಳೆಯ ನಾಲ್ಕು ಚಕ್ರಗಳು ಹುಲ್ಲಿನ ಮೆದೆಯ ಟಾರ್ಪಾಲು ಹಾರದಂತೆ ಭಾರಕ್ಕೆ ಹೋದವು.

"ನೋಡಣ್ಣ, ಟ್ರೈಲರ್‌ಗೆ ಅಗ್ಲದ ಟೈರ್ ಆಕ್ಸಿದ್ಮೇಲೆ ಗದ್ದೆ ಕೆಸರಲ್ಲಿ ಒಂದ್ಸಲಾನೂ ಊತ್ಕಂಡಿಲ್ಲ. ಕಾರ್‌ಗೂ ಅಂಗೇಯ."

ನಮ್ಮ ಸೀಮೆಯಲ್ಲಿ ಚಕ್ರವಿರುವ ಎಲ್ಲವನ್ನೂ ಕಬ್ಬಿನ ಟ್ರೈಲರಿನ ಕಣ್ಣಿನಿಂದಲೇ ನೋಡುತ್ತಾರೆ. ಅಪ್ಪ ಊರೊಳಗೆ ಒಂದು ಸುತ್ತು ಹೊಡೆದು ಬಂದು, "ಸ್ಟೇರಿಂಗು ಎಳೀತದೆ ಕಣ್ಲಾ" ಅಂದರು.

"ಒಸ್ದಲ್ವಾ, ಪಳಗ್ತದೆ ಬುಡು."

ಪಳಗಲಿಲ್ಲ. ಮೂರನೇ ವಾರ, ಹೊಸ ಚಕ್ರದಲ್ಲಿ ಮೊದಲ ಸಲ ಅಕ್ಕನ ಮನೆಗೆ ಹೊರಟಾಗ, ಕೆ.ಆರ್. ಪೇಟೆ ದಾಟಿದ ಮೇಲಿನ ನಾಲೆ ಸೇತುವೆಯ ಹತ್ತಿರ, ಕಬ್ಬಿನ ಗಾಡಿಗಳು ಓಡಾಡಿ ತಗ್ಗು ಬಿದ್ದ ಕಡೆ, ಕಾರು ತಟ್ಟನೆ ಎಡಕ್ಕೆ ಎಳೆದು ಸೇತುವೆಯ ಗೋಡೆಗೆ ಉಜ್ಜಿತು. ಅಮ್ಮ ಪಕ್ಕದಲ್ಲಿದ್ದಳು. ಯಾರಿಗೂ ಏನೂ ಆಗಲಿಲ್ಲ. ಮನೆಯ ಜಗಲಿಯಲ್ಲಿ ಪ್ರತಿವಾದಿಯ ಪರ ಯಾರೂ ಇಲ್ಲದ ವಿಚಾರಣೆ ನಡೆಯಿತು.

"ವಯಸ್ಸಾಯ್ತು ಕಣಣ್ಣ. ಇನ್ಮೇಲೆ ನಾನೇ ಕರ್ಕಂಡೋಯ್ತೀನಿ."

ಅಪ್ಪ ಕೀಲಿಯನ್ನು ಗೋಡೆಯ ಮೊಳೆಗೆ ನೇತುಹಾಕಿದರು. ಚರ್ಚಾ ಸ್ಪರ್ಧೆಗಳಲ್ಲಿ ಎದುರಾಳಿಯ ಮೊದಲ ವಾಕ್ಯಕ್ಕೇ ಪುರಾವೆ ಕೇಳುವ ನಾನು ಅಂದು ಬಾಯಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ನಿರಾಳವಾಗಿತ್ತು.

ಮುಂದಿನ ಸಲ ಶ್ರೀರಂಗಪಟ್ಟಣದ ಕಾಲೇಜಿನಿಂದ ಊರಿಗೆ ಬಂದಾಗ ಅಕ್ಕನ ಮನೆಗೆ ಚಿಕ್ಕಪ್ಪನೇ ಕಾರು ಓಡಿಸಿದ. ಹೊರಡುವಾಗ ಅಪ್ಪ ಎಡಗಡೆಯ ಸೀಟಿನಿಂದಲೇ ಕೈ ಚಾಚಿ ಮೀಟರನ್ನು ಸೊನ್ನೆಗೆ ತಂದರು. ಗೇಟಿನ ಮುಂದೆ ನಿಂತಾಗ ಬಗ್ಗಿ ನೋಡಿದರು, ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದರು.

"ಕಣ್ಣೂ ಓಯ್ತು ಅಂತ ಕಾಣ್ತದೆ" ಅಂದರು.

ಹಿಂದಿನ ಸೀಟಿನಿಂದ ನಾನೂ ಇಣುಕಿದೆ. ಮೂವತ್ತೆಂಟು. ಅಪ್ಪನ ಕಣ್ಣು ಸರಿಯಾಗಿತ್ತು. ಹಾಗಾದರೆ ರಸ್ತೆ ಎರಡು ಕಿಲೋಮೀಟರ್ ಕುಗ್ಗಿತೇ?

ಡ್ರೈವರ್ ಬಾಗಿಲು ತೆರೆದೆ. ಅದರ ಚೌಕಟ್ಟಿನ ಮೇಲೆ ಈ ಕಾರಿಗೆ ಎಷ್ಟು ಅಳತೆಯ ಟೈರು ಎಂದು ಚೀಟಿ ಅಂಟಿಸಿದ್ದರು: ಹದಿನಾಲ್ಕು ಇಂಚಿನ ರಿಮ್ಮು. ಹಾಕಿದ್ದು ಹದಿನಾರರದು. ಡಿಕ್ಕಿಯಲ್ಲಿದ್ದ ಐದನೇ ಚಕ್ರ, ಸ್ಟೆಪ್ನಿಯನ್ನು ಮಾತ್ರ ಚಿಕ್ಕಪ್ಪ ಬದಲಿಸಿರಲಿಲ್ಲ. ಜಾಕ್ ಕೊಟ್ಟು ಚಿಕ್ಕಪ್ಪನಿಂದಲೇ ಹೊಸ ಚಕ್ರವೊಂದನ್ನು ಬಿಚ್ಚಿಸಿ, ಅಕ್ಕನ ರಂಗೋಲಿ ಪುಡಿಯಲ್ಲಿ ಅಂಗಳಕ್ಕೆ ಗೆರೆ ಎಳೆದೆ. ಎರಡು ಚಕ್ರಗಳಿಗೂ ಗುರುತು ಹಾಕಿ, ಒಂದೊಂದೇ ಸುತ್ತು ಉರುಳಿಸಿದೆ. ಹೊಸದು ಹತ್ತು ಸೆಂಟಿಮೀಟರ್ ಮುಂದೆ ಹೋಗಿ ನಿಂತಿತು. ಚಕ್ರ ದೊಡ್ಡದಾದರೆ ಅದೇ ದಾರಿಗೆ ಕಡಿಮೆ ಸುತ್ತು. ಮೀಟರು ಎಣಿಸುವುದು ಸುತ್ತನ್ನೇ ಹೊರತು ದಾರಿಯನ್ನಲ್ಲ.

"ಅತ್ತು ಸೆಂಟಿಮೀಟರ್‌ಗೆ ಕಾರು ಸೇತ್ವೆಗೆ ಗುದ್ದುತ್ತೇನವ್ವ ಲಾಯರಮ್ಮ?"

"ಬಾಗಿಲನ್ನ ಗೋಡೆಗೆ ಸೇರ್ಸಿರೋ ಕೀಲಿನ ಅತ್ರ ತಳ್ಳು ಚಿಕ್ಕಪ್ಪ, ಆಮೇಲೆ ಅಂಚಲ್ಲಿ ತಳ್ಳು. ಯಾವುದು ಸಲೀಸು?"

"ಅಂಚಲ್ಲಿ."

"ಈ ಚಕ್ರ ಆಚೆಗೆ ಬಂದೈತೆ. ಅದು ಎಡಕ್ಕೆ ಬಲಕ್ಕೆ ತಿರುಗೋ ಕೀಲಿಂದ ದೂರ. ತಗ್ಗಲ್ಲಿ ಇಳಿದ್ರೆ ರಸ್ತೆನೇ ಬಾಗಿಲಿನ ಅಂಚು ಇಡ್ಕಂಡು ತಳ್ತದೆ. ಟೈರೂ ಅಗ್ಲ, ಪ್ರತಿ ಹಳ್ಳನೂ ಇಡ್ಕತದೆ. ಅಪ್ಪ ತಿರುಗಿಸ್ಲಿಲ್ಲ, ರಸ್ತೆ ತಿರುಗಿಸ್ತು."

"ನನ್ ಟ್ರೈಲರು ಇಷ್ಟ್ ವರ್ಸ ನೆಟ್ಗೆ ಓಯ್ತಾ ಇಲ್ವಾ?"

"ಟ್ರೈಲರ್‌ಗೆ ಸ್ಟೇರಿಂಗ್ ಎಲ್ಲೈತೆ ಚಿಕ್ಕಪ್ಪ?"

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಚರ್ಚಾ ಸ್ಪರ್ಧೆಗಳಲ್ಲಿ ನಾನು ಗೆದ್ದ ಯಾವ ಕಪ್ಪೂ ನನಗೆ ಅಷ್ಟು ಖುಷಿ ಕೊಟ್ಟಿರಲಿಲ್ಲ.

ಮುಂದಿನ ಭಾನುವಾರ ಮೆದೆಯ ಮೇಲಿಂದ ಹಳೆಯ ಚಕ್ರಗಳು ಇಳಿದವು. ಊರಿನ ಪಂಕ್ಚರ್ ಅಂಗಡಿಯಲ್ಲಿ ಅವನ್ನು ಹಾಕಿಸಿ, ಗಾಳಿ ಹೊಡೆಸಿ, ಕೀಲಿಯನ್ನು ಅಪ್ಪನ ಮುಂದೆ ಹಿಡಿದೆ. ಅವರು ನಾಲ್ಕೂ ಚಕ್ರಗಳನ್ನು ಕಾಲಿನಿಂದ ಒತ್ತಿ ನೋಡಿ ಕೀಲಿ ತೆಗೆದುಕೊಂಡರು, ಮೀಟರನ್ನು ಸೊನ್ನೆಗೆ ತಂದರು. ಹಿಂದೆ ಚಿಕ್ಕಪ್ಪ, ಪಕ್ಕದಲ್ಲಿ ನಾನು. ಸೇತುವೆ ಹತ್ತಿರ ಬಂತು. ಎಡಗಡೆಯ ಚಕ್ರ ತಗ್ಗಿಗೆ ಇಳಿಯಿತು, ಎದ್ದಿತು. ಸ್ಟೇರಿಂಗು ಅಪ್ಪನ ಕೈಯಲ್ಲಿ ಅಲುಗಲೇ ಇಲ್ಲ. ಮುಂದೆ ಹೋಗಿ ತಿರುಗಿಸಿಕೊಂಡು ಬಂದರು, ಇನ್ನೊಮ್ಮೆ ದಾಟಿದರು. ಮತ್ತೆ ತಿರುಗಿಸಿದರು.

"ಸಾಕು ಕಣಣ್ಣ, ಒಪ್ಕಂಡೆ."

"ಸುಮ್ಕೆ ಕೂತ್ಕಳ್ಲಾ. ಇನ್ನೊಂದ್ಸಲ."

ಮೂರನೇ ಸಲ ಅಪ್ಪ ಸಿಳ್ಳೆ ಹಾಕುತ್ತಿದ್ದರು. ಸೇತುವೆಯ ಬಳಿ ಹೆಚ್ಚಿಗೆ ಓಡಿದಷ್ಟನ್ನು ಮೀಟರಿನ ಲೆಕ್ಕದಿಂದ ಕಳೆಯಲು ಗುರುತಿಟ್ಟುಕೊಂಡರು. ಅಕ್ಕನ ಗೇಟಿನ ಮುಂದೆ ನಿಲ್ಲಿಸಿ, ಇಡೀ ಬಸ್ಸಿಗೆ ಕೇಳಿಸುವ ದನಿಯಲ್ಲಿ ಹೇಳಿದರು: "ನಲವತ್ತು."

ಮಧ್ಯಾಹ್ನ ಅಪ್ಪ ಅಂಗಳದಲ್ಲಿ ಮಜ್ಜಿಗೆ ಕುಡಿಯುತ್ತ ಕೂತಿದ್ದಾಗ, ಕಟಕಟೆಗೆ ಇನ್ನೊಬ್ಬ ಸಾಕ್ಷಿಯನ್ನು ಕರೆಯುವುದು ಬಾಕಿ ಇದೆ ಅನ್ನಿಸಿ ಹತ್ತಿರ ಹೋಗಿ ಕೂತೆ.

"ಅಪ್ಪ, ಎಳೀತದೆ ಅಂತ ಮೊದಲನೇ ದಿನವೇ ನಿನ್ನ ಕೈ ಹೇಳಿತ್ತಲ್ಲ. ಮೂವತ್ತು ವರ್ಷ ಬಸ್ಸು ಹಿಡಿದ ಕೈ ಅದು. ಅದರ ಮಾತು ಬಿಟ್ಟು ನಮ್ಮ ಮಾತು ಯಾಕೆ ನಂಬಿದೆ?"