ಹಿಂದಿನ ಕೋಣೆ ಇಲ್ಲದ ನಕ್ಷೆ

ಶಿರಾದಿಂದ ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಬಸ್ಸಿನ ಜನಕ್ಕೆ ಗಂಗಾಲಕ್ಷ್ಮಿಯ ಪರಿಚಯ ಹೇಳಬೇಕಾಗಿಲ್ಲ. ಎಷ್ಟೇ ನೂಕುನುಗ್ಗಲಿರಲಿ, ಬಸುರಿ ಹೆಂಗಸು ಹತ್ತಿದರೆ ಕೂತ ಗಂಡಸನ್ನು ಒಂದೇ ನೋಟದಲ್ಲಿ ಎಬ್ಬಿಸುವ ಕಂಡಕ್ಟರಮ್ಮ ಆಕೆ. ಹುಲಿಕುಂಟೆ ಕಡೆಯ ಹಟ್ಟಿಯೊಂದರ ಸೊಸೆ. ಅತ್ತೆ ಮಾವ ಇವತ್ತಿಗೂ ಅಲ್ಲೇ ಕುರಿ ಸಾಕಿಕೊಂಡಿದ್ದಾರೆ. ಆ ಹಟ್ಟಿಯಿಂದ ಸರ್ಕಾರಿ ಕೆಲಸಕ್ಕೆ ಸೇರಿದ ಮೊದಲ ಹೆಂಗಸು ಅವಳು. ಶಿರಾದಲ್ಲಿ ತನ್ನ ಹೆಸರಿಗೆ ಸೈಟು ಮಾಡಿಕೊಂಡವಳೂ ಅವಳೇ.

ಖಾತೆ ಆದ ಮೇಲೆ ಮನೆಯ ನಕ್ಷೆ ಬರೆಸಬೇಕಾಯಿತು. ಅವಳಿಗೆ ಡ್ಯೂಟಿ ಇತ್ತು; ಗಂಡ ಜಯರಾಮು ತನ್ನ ಅಪ್ಪ ಕ್ಯಾತಣ್ಣನನ್ನು ಕರೆದುಕೊಂಡು ಇಂಜಿನಿಯರ್ ನಾಗಭೂಷಣ್ ಅವರ ಕಚೇರಿಗೆ ಹೋಗಿಬಂದ. ನಕ್ಷೆ ನಗರಸಭೆಗೆ ಹೋಯಿತು, ಹೋದ ಹಾಗೆಯೇ ವಾಪಸ್ಸೂ ಬಂತು. ಮನೆಯ ಹಿಂದೆ ಬಿಡಬೇಕಾದ ಜಾಗ ಬಿಟ್ಟಿಲ್ಲ ಎಂಬ ಆಕ್ಷೇಪಣೆ. ಸರಿಪಡಿಸಲು ಈ ಸಲ ಗಂಗಾಲಕ್ಷ್ಮಿಯೇ ಹೋದಳು, ಡ್ಯೂಟಿ ಮುಗಿಸಿ ಖಾಕಿಯಲ್ಲೇ.

ನಾಗಭೂಷಣ್ ಕಂಪ್ಯೂಟರಿನಲ್ಲಿ ನಕ್ಷೆ ತೆರೆದು ತೋರಿಸಿದರು. ಹಿಂದಿನ ಕಾಂಪೌಂಡಿಗೆ ಅಂಟಿಕೊಂಡಂತೆ ಒಂದು ಸಣ್ಣ ಕೋಣೆ. ಕಿಟಕಿಯಿಲ್ಲ. ಬಾಗಿಲು ಮನೆಯ ಕಡೆಗಿರದೆ ಪಕ್ಕಕ್ಕೆ ತಿರುಗಿತ್ತು.

“ಇದೇನ್ ಸಾರ್, ಸ್ಟೋರ್ ರೂಮಾ?”

“ನಿಮ್ಮ ಮಾವನವರು ಹಾಕಿಸಿದ್ದಮ್ಮ. ಹೆಂಗಸರು ಹೊರಗಾದಾಗ ಇರೋಕೆ, ಬಾಣಂತನಕ್ಕೆ ಅಂದ್ರು. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ.”

ಗಂಗಾಲಕ್ಷ್ಮಿ ಪರದೆಯನ್ನೇ ನೋಡುತ್ತ ಕೂತಳು. ಮದುವೆಯಾದ ಹೊಸದರಲ್ಲಿ ಹಟ್ಟಿಯ ಆಚೆಗಿನ ಗುಡಿಸಲಲ್ಲಿ ತಾನು ಕಳೆದ ದಿನಗಳು ಅವಳಿಗೆ ನೆನಪಾದವು. ಹೈಸ್ಕೂಲಿಗೆ ಹೋಗುವ ಮಗಳೂ ನೆನಪಾದಳು. ಆ ಗುಡಿಸಲು ಈಗ ಸಿಮೆಂಟು ಮೆತ್ತಿಕೊಂಡು ಶಿರಾಕ್ಕೇ ಬಂದು ಕೂತಿತ್ತು.

ಅವಳ ಮುಖ ನೋಡಿ ನಾಗಭೂಷಣ್‌ಗೆ ವಿಷಯ ತಿಳಿಯಿತು. “ಒಂದು ಸುಲಭದ ದಾರಿ ಇದೆ. ಇಂಥ ರೂಮಿಗೆ ಗೌರ್ಮೆಂಟಲ್ಲಿ ಪರ್ಮಿಷನ್ ಇಲ್ಲ ಅಂತ ನಾನೇ ಹಿರಿಯರಿಗೆ ಫೋನ್ ಮಾಡ್ತೀನಿ. ನಿಮ್ಮ ಮೇಲೆ ಮಾತು ಬರಲ್ಲ,” ಎಂದರು.

“ಅಡಿಗೆಮನೆ ಚಿಕ್ಕದು ಮಾಡಿ ಇದನ್ನ ಮುಂದಕ್ಕೆ ತಂದ್ರೆ ಪರ್ಮಿಷನ್ ಸಿಗ್ತದಾ ಸಾರ್?”

“ಸಿಗತ್ತೆ.”

“ಮತ್ತೆ ಸಿಗಲ್ಲ ಅಂತ ಯಾಕೇಳ್ತೀರ? ಇವತ್ತು ರೂಲ್ಸು ಅಂತ ತಪ್ಪಿಸ್ಕಂಡ್ರೆ ನಾಳೆ ಶೀಟ್ ಹಾಕಿ ಕಟ್ಟು ಅಂತಾರೆ. ಬ್ಯಾಡ ಅನ್ನೋಳು ನಾನು. ನಾನೇ ಹೇಳ್ತೀನಿ ಬುಡಿ.”

ರಜದ ದಿನ ಗಂಡನ ಜೊತೆ ಹಟ್ಟಿಗೆ ಹೋದಳು. ಕ್ಯಾತಣ್ಣ ಕುರಿ ರೊಪ್ಪದ ಪಕ್ಕ ಕೂತು ಬೇಲಿಗೆ ಮುಳ್ಳು ಸಿಕ್ಕಿಸುತ್ತಿದ್ದ. ಅತ್ತೆ ಕೊಲ್ಲಾಪುರಮ್ಮ ಹೊಸ್ತಿಲ ಬಳಿ ರಾಗಿ ಕೇರುತ್ತಿದ್ದಳು. ಗಂಗಾಲಕ್ಷ್ಮಿ ಸುತ್ತುಬಳಸಲಿಲ್ಲ.

“ಮಾವ, ಹಿಂದ್ಗಡೆ ರೂಮು ತೆಗೆಸ್ತಾ ಇದೀನಿ. ನನ್ನ ಮನೇಲಿ ನನ್ನ ಮಗಳು ಹೊರಗೆ ಮಲಗಲ್ಲ.”

ಕ್ಯಾತಣ್ಣನ ಕೈ ನಿಂತಿತು. “ದ್ಯಾವ್ರ ಮನೆತನ ಕಣಮ್ಮ ನಮ್ದು. ಅಂಗೆಲ್ಲ ಆಗಕಿಲ್ಲ.”

“ದ್ಯಾವ್ರಿಗೆ ನಾನೂ ಕೈ ಮುಗೀತೀನಿ. ರೂಮು ಮಾತ್ರ ಬ್ಯಾಡ.”

“ಅಂಗಾದ್ರೆ ನಿನ್ ಮನೇಲಿ ನಾನು ನೀರು ಕುಡಿಯಕಿಲ್ಲ.”

ಆಗ ಕೊಲ್ಲಾಪುರಮ್ಮ ಮೊರವನ್ನು ಕೆಳಗಿಟ್ಟಳು. ಗಂಡನ ಮಾತಿಗೆ ಅವಳು ಎದುರು ಮಾತಾಡಿದ್ದನ್ನು ಆ ಹಟ್ಟಿಯಲ್ಲಿ ಯಾರೂ ಕೇಳಿರಲಿಲ್ಲ.

“ನೀನು ಕುಡೀದಿದ್ರೆ ಬುಡು, ನಾನೋಗ್ತೀನಿ. ಈ ಜಯರಾಮುನ ಹೆತ್ತಾಗ ಜಡಿ ಮಳೆ. ಆ ಗುಡ್ಲಾಗೆ ಸೋರ್ದಿರೋ ಜಾಗ ಇರ್ನಿಲ್ಲ. ಮಗೂನ ಹೊಟ್ಟೆ ಕೆಳಗೆ ಮಡೀಕಂಡು ಮಳೆ ನಿಲ್ಲೋಗಂಟ ಬಗ್ಗೇ ಇದ್ದೆ. ಒಳೀಕೆ ಬಾ ಅಂತ ಒಬ್ರೂ ಕರೀನಿಲ್ಲ. ನೀನೂ ಕರೀನಿಲ್ಲ.”

ಕೋಪವಿಲ್ಲದೆ, ಬೆಳಗ್ಗೆ ಏನು ಅಡಿಗೆ ಎಂದು ಹೇಳುವಷ್ಟು ಸಲೀಸಾಗಿ ಹೇಳಿ ಮೊರ ಎತ್ತಿಕೊಂಡಳು. ಕ್ಯಾತಣ್ಣ ಎದ್ದು ಕುರಿ ಹೊಡೆದುಕೊಂಡು ಹೊರಟುಬಿಟ್ಟ.

ಬೈಕಿನಲ್ಲಿ ವಾಪಸ್ಸು ಬರುವಾಗ ಅರ್ಧ ದಾರಿಯಲ್ಲಿ ಜಯರಾಮು ಬೈಕು ನಿಧಾನ ಮಾಡಿದ. “ಅವ್ವ ನನಗಿದನ್ನ ಒಂದ್ ಸಲಾನೂ ಹೇಳಿರ್ನಿಲ್ಲ,” ಎಂದ, ಅಷ್ಟೇ.

ಹೊಸ ನಕ್ಷೆಯಲ್ಲಿ ಹಿಂದಿನ ಜಾಗ ಖಾಲಿ ಬಿತ್ತು. ನಡುಮನೆಗೆ ಹೊಂದಿಕೊಂಡು ಅತ್ತೆಗೊಂದು ಕೋಣೆ ಬಂತು, ಪೂರ್ವಕ್ಕೆ ದೊಡ್ಡ ಕಿಟಕಿ ಇಟ್ಟು. ಜಾಗ ನೋಡಲು ಬಂದ ನಗರಸಭೆಯ ಇಂಜಿನಿಯರ್ ಟೇಪು ಹಿಡಿದು ಅಳೆದು, ಜಯರಾಮುವಿನ ಕಡೆ ತಿರುಗಿ, “ಓನರ್ ನೀವೇ ಅಲ್ವಾ? ಇಲ್ಲಿ ಸೈನ್ ಹಾಕಿ,” ಎಂದರು.

“ನಾನಲ್ಲ ಸಾರ್. ಅವ್ರು,” ಎಂದು ಜಯರಾಮು ಪಕ್ಕಕ್ಕೆ ಸರಿದು ಹೆಂಡತಿಗೆ ದಾರಿ ಬಿಟ್ಟ.

ನಕ್ಷೆ ಮಂಜೂರಾದ ಸುದ್ದಿ ಫೋನಿಗೆ ಬಂದಾಗ ಬಸ್ಸಿನ ತುಂಬ ಜನ. ಟಿಕೆಟ್ ಕೊಟ್ಟು ಮುಗಿಸಿ, ಮಧುಗಿರಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತ ಮೇಲೆ ನೋಡಿದಳು. ಗಂಗಾಲಕ್ಷ್ಮಿ ಕೋಂ ಜಯರಾಮು, ಇವರಿಗೆ ವಾಸದ ಮನೆ ಕಟ್ಟಲು ಪರವಾನಗಿ. ಅದನ್ನೇ ಮತ್ತೆ ಮತ್ತೆ ಓದಿಕೊಂಡಳು. ಎಷ್ಟೋ ಜನಕ್ಕೆ ಇಳಿಯುವ ಊರಿನ ಹೆಸರು ಕೂಗಿ ಹೇಳಿದ್ದ ಬಾಯಿಗೆ ತನ್ನ ಹೆಸರು ಹೇಳಿಕೊಳ್ಳಲು ಒಂದು ಥರಾ ನಾಚಿಕೆ. ಆದರೂ ಡ್ರೈವರಿಗೆ ಓದಿ ಹೇಳಿದಳು. ಆತ ಬಸ್ಸಿಳಿದು ಹೋಗಿ ಬೇಕರಿಯಿಂದ ಮೈಸೂರುಪಾಕು ತಂದು ಅವಳ ಕೈಗಿಟ್ಟ.

ಗುದ್ದಲಿ ಪೂಜೆಗೆ ಕೊಲ್ಲಾಪುರಮ್ಮ ಒಬ್ಬಳೇ ಬಂದಳು. ಕ್ಯಾತಣ್ಣ ಬಂದದ್ದು ಗೋಡೆ ಎದೆಮಟ್ಟಕ್ಕೆ ಎದ್ದ ಮೇಲೆ. ಯಾರಿಗೂ ಹೇಳದೆ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು ಕೋಣೆಯಿಂದ ಕೋಣೆಗೆ ನಡೆದ. ಕಿಟಕಿಯ ಜಾಗದಲ್ಲಿ ನಿಂತು, “ಇದ್ಯಾರ್ದು?” ಎಂದ.

“ಅತ್ತೇದು, ಮಾವ.”

ಅವನು ಗೋಡೆಯ ಮೇಲೆ ಅಂಗೈ ಆಡಿಸಿದ. “ಇಂಗೆ ಒಣಗಾಕಿದ್ರೆ ಗ್ವಾಡೆ ಹೆಂಗಮ್ಮ ಗಟ್ಟಿಯಾದಾತು?” ಎಂದು ಗೊಣಗಿ, ಪೈಪು ಎಳೆದುಕೊಂಡು ನೀರು ಹೊಡೆಯತೊಡಗಿದ. ಅವತ್ತು ಹಟ್ಟಿಗೆ ಹೋಗಲಿಲ್ಲ. ಗಾರೆಯವರ ಶೆಡ್ಡಿನಲ್ಲೇ ಉಳಿದು ದಿನವೂ ಗೋಡೆಗೆ ನೀರು ಹೊಡೆದ.

ಹಟ್ಟಿಯಲ್ಲಿ ಅವನ ನೇಮ ಬದಲಾಯಿತೆಂದಲ್ಲ. ಆ ಗುಡಿಸಲು ಈಗಲೂ ಇದೆ, ಅದರ ಮಾತು ತೆಗೆದರೆ ಎದ್ದು ಹೋಗುತ್ತಾನೆ. ಆದರೆ ಒಂದು ಸಂಜೆ ಡ್ಯೂಟಿ ಮುಗಿಸಿ ಬಂದ ಗಂಗಾಲಕ್ಷ್ಮಿಗೆ ಬೀದಿಯ ತಿರುವಿನಲ್ಲೇ ಅವನ ದನಿ ಕೇಳಿಸಿತು. ದಾರಿಹೋಕ ಯಾರೋ ಮನೆ ಯಾರದೆಂದು ಕೇಳಿರಬೇಕು.

“ನಮ್ ಸೊಸೇದು ಕಣಪ್ಪ. ಪರ್ಮಿಷನ್ನೂ ಅವಳ ಹೆಸರಾಗೇ ಐತೆ.”

ಅವಳು ಅಲ್ಲಿಂದಲೇ ಬ್ಯಾಗು ಹೆಗಲಿಗೇರಿಸಿ, ಮಾವನಿಗೆ ಟೀ ತರಲು ಹೋಟೆಲಿನ ಕಡೆ ತಿರುಗಿದಳು.