ಅತ್ತೆ ಬೀದಿಯಲ್ಲಿ ಹೂಡಿದ ಒಲೆ

ಹುರಿದ ಹುಣಸೆಬೀಜದ ವಾಸನೆಯಲ್ಲಿ ಸ್ವಲ್ಪ ಸುಟ್ಟ ಮಣ್ಣು, ಸ್ವಲ್ಪ ಹುರಿಗಾಳು ಬೆರೆತಂತಿರುತ್ತದೆ. ಕೆಲವು ತಿಂಗಳ ಹಿಂದೆ ಕೊರಟಗೆರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅಂಗಡಿಯೊಂದರ ಹಿಂದೆ ಮಕ್ಕಳು ತಗಡಿನ ಮೇಲೆ ಹುಣಸೆಬೀಜ ಹುರಿಯುತ್ತಿದ್ದರು. ಅವರಿಗೆ ಅದು ತಿನ್ನುವ ವಸ್ತು. ನನಗೆ ಆ ಹೊಗೆಯಲ್ಲಿ ಬಡವನಹಳ್ಳಿಯ ಆಚೆಗಿದ್ದ ಅಜ್ಜಿಯ ಮನೆ ಕಂಡಿತು. ತಗ್ಗಾದ ಬಾಗಿಲು, ಕುರಿಯುಣ್ಣೆಯ ಜಿಡ್ಡು ಹತ್ತಿ ಕಪ್ಪಾದ ಕಂಬ, ನಡುಮನೆಯಲ್ಲಿ ನೆಲದ ಗುಂಡಿಗೆ ಕಾಲಿಳಿಸಿ ಕೂತು ನೇಯುವ ಗುಂಡಿಮಗ್ಗ. ಮಹಾರಾಜರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಾನು ಅಲ್ಲಿ ಬೆಳೆದೆ. ನಿಮಗೂ ಅಂಥದೊಂದು ಮನೆ ಇದ್ದೀತು, ಈಗ ಹುಡುಕಿದರೆ ಸಿಗದಂಥದು. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ.

ನಮ್ಮದು ಕಂಬಳಿ ನೇಯುವವರ ಬೀದಿ. ಮಗ್ಗಕ್ಕೆ ಏರಿಸುವ ಮುಂಚೆ ಉದ್ದೆಳೆಗಳನ್ನೆಲ್ಲ ಬೀದಿಯುದ್ದಕ್ಕೂ ಗೂಟಗಳ ನಡುವೆ ಎಳೆದು ಕಟ್ಟುತ್ತಿದ್ದರು. ಅದಕ್ಕೆ ಹಾಸು ಎಂದು ಹೆಸರು. ಹುಣಸೆಬೀಜ ಹುರಿದು, ಕುಟ್ಟಿ, ಕುದಿಸಿದ ಅಂಟನ್ನು ಆ ಹಾಸಿನ ಮೇಲೆ ಬಳಿದು, ಎಳೆಗಳು ಒಂದಕ್ಕೊಂದು ಅಂಟದಂತೆ ಎರಡೂ ಕಡೆ ನಿಂತು ಕುಂಚದಿಂದ ತೀಡಬೇಕು. ಬಿಸಿಲು ಏರುವುದರೊಳಗೆ ಮುಗಿಸದಿದ್ದರೆ ಹಾಸು ಹಗ್ಗದಂತೆ ಗಟ್ಟಿಯಾಗಿ ಇಡೀ ಉಣ್ಣೆ ಹಾಳು. ಹಾಗಾಗಿ ಕೈಗಳು ಬೇಕು. ಹೊಲದ ಕೆಲಸಕ್ಕೆ ನಮ್ಮಲ್ಲಿ ಮುಯ್ಯಿ ಇತ್ತು: ಇಂದು ನಿಮ್ಮ ರಾಗಿಯ ಕಳೆಗೆ ನಾವು, ನಾಳೆ ನಮ್ಮದಕ್ಕೆ ನೀವು. ಆದರೆ ಮಗ್ಗದ ಕೆಲಸಕ್ಕೆ ಮುಯ್ಯಿ ಇರಲಿಲ್ಲ. ಅಂಟಿನ ಹದ ಒಂದೊಂದು ಮನೆಯ ಗುಟ್ಟು. ಅದನ್ನು ಒಳಗೆ, ಬಾಗಿಲು ಹಾಕಿಕೊಂಡು ಕಾಯಿಸುತ್ತಿದ್ದರು. ಪಕ್ಕದ ಮನೆಯವರ ಹಾಸು ಒಣಗಿ ಹೋಗುತ್ತಿದ್ದರೂ ನೋಡುತ್ತ ನಿಲ್ಲುತ್ತಿದ್ದರು.

ನನ್ನ ಸೋದರಮಾವ ಚಳಿಜ್ವರದಲ್ಲಿ ತೀರಿಕೊಂಡಾಗ ಮನೆಯಲ್ಲಿ ಉಳಿದವರು ಅಜ್ಜಿ, ಮಾವನ ಹೆಂಡತಿ ರಂಗತ್ತೆ, ನಾನು. ಬೇರೆಯಾಗಿ ಪಕ್ಕದ ಮನೆಯಲ್ಲಿದ್ದ ಮಾವನ ಅಣ್ಣ, ದೊಡ್ಡಮಾವ, ಮಗ್ಗ ಕೀಳಲು ಬಂದ. ಹೆಂಗಸರು ನೂಲುವುದುಂಟು, ಮಗ್ಗದ ಗುಂಡಿಗೆ ಇಳಿಯುವುದಿಲ್ಲ. "ಗಂಡಸಿಲ್ಲದ ಮನೇಲಿ ಮಗ್ಗ ಇಟ್ಕಂಡು ಕೋಳಿ ಕವುಚಾಕ್ತೀರೇನವ್ವ?" ಅಂದ. ಅಜ್ಜಿ ಸೊಸೆಯ ಮುಖ ನೋಡಿದಳು. ಅತ್ತೆ ಮಗ್ಗಕ್ಕೆ ಬೆನ್ನು ಆನಿಸಿ ಕುಳಿತುಬಿಟ್ಟಿದ್ದಳು. ಕೊನೆಗೆ ದೊಡ್ಡಮಾವನೇ ಒಂದು ಮಾತಿಗೆ ಬಂದ. "ಮನೇಲಿರೋ ಉಣ್ಣೇಲಿ ಒಂದು ಕಂಬಳಿ ಇಳುಸ್ಲಿ ನೋಡಾನ. ಇಲ್ದಿದ್ರೆ ಮಗ್ಗ ನಂದು."

ಮುಯ್ಯಿಗೆ ಅವರೂ ತನ್ನ ಹಾಸಿನ ಕೆಲಸಕ್ಕೆ ಬಂದಾರೆಂದು ಅತ್ತೆ ಎದುರುಮನೆ ಸಿದ್ದಕ್ಕನ ಹಾಸು ತೀಡಲು ಕರೆಯದೆಯೇ ಹೋದಳು. ಗುಟ್ಟು ಕದಿಯಲು ಬಂದಿದ್ದಾಳೆಂದು ಅವರ ಮನೆಯ ಗಂಡಸರು ಕುಂಚ ಕಿತ್ತುಕೊಂಡರು. ಅವಳು ಜಗಳವಾಡದೆ ಮನೆಗೆ ಬಂದಳು. ಮರುದಿನ ಬೆಳಗಾಗುತ್ತಲೇ ನಡುಬೀದಿಯಲ್ಲಿ ಮೂರು ಕಲ್ಲು ಹೂಡಿ, ಬಾಣಲೆ ಇಟ್ಟು, ಎಲ್ಲರ ಕಣ್ಣೆದುರೇ ಹುಣಸೆಬೀಜ ಹುರಿಯತೊಡಗಿದಳು.

ಸಿದ್ದಕ್ಕ ಪೊರಕೆ ಹಿಡಿದುಕೊಂಡೇ ಬಂದಳು. "ಲೇ ರಂಗಿ, ಒಲೆ ಬೀದಿಗೆ ತಂದ್ಬುಟ್ಟಿದ್ದೀಯಲ್ಲೇ! ನಿಮ್ಮತ್ತೆ ಓಡಿಸ್ಬುಟ್ಲಾ?"

"ನೋಡ್ಕಳಕ್ಕ ಸರ್ಯಾಗಿ. ಸಿಪ್ಪೆ ಬಿರಿಯೋಗಂಟ ಹುರಿಯೋದು, ಕಪ್ಪಾಗೋಕೆ ಬುಡಬಾರ್ದು. ಇಳುಸೋವಾಗ ಒಂದ್ಚೂರು ಹರಳೆಣ್ಣೆ. ಎಳೆ ಅಂಟಲ್ಲ."

ಅಜ್ಜಿ ಹೊಸಿಲಲ್ಲಿ ನಿಂತು ಹಣೆ ಚಚ್ಚಿಕೊಂಡಳು. "ಅವನು ಸಾಯೋಗಂಟ ಬಾಯಿ ಬುಡ್ಲಿಲ್ಲ ಕಣೇ, ನೀನು ಡಂಗುರ ಹೊಡೀತೀಯಲ್ಲೇ!"

"ಗುಟ್ಟು ಇಟ್ಕಂಡು ಮಗ್ಗ ಕೊಟ್ಬುಡ್ಲಾ ಅತ್ತೆಮ್ಮ, ಗುಟ್ಟು ಕೊಟ್ಟು ಮಗ್ಗ ಉಳುಸ್ಕಳ್ಲಾ?" ಅತ್ತೆ ಬಾಣಲೆಯಿಂದ ಕಣ್ಣು ಎತ್ತಲಿಲ್ಲ.

ಬಿಸಿಲು ಗುಡ್ಡ ದಾಟುವ ಹೊತ್ತಿಗೆ ಅವಳೂ ನಾನೂ ಹಾಸಿನ ಎರಡು ಪಕ್ಕ ತೀಡುತ್ತಿದ್ದೆವು. ನನ್ನ ಕೈ ನಡುವಿನವರೆಗೂ ಮುಟ್ಟುತ್ತಿರಲಿಲ್ಲ, ಎಳೆಗಳು ಆಗಲೇ ಬಿಗಿಯುತ್ತಿದ್ದವು. ಸಿದ್ದಕ್ಕ ನೋಡಿದಳು, ಬೈದುಕೊಂಡಳು, ಪೊರಕೆ ಎಸೆದು ನನ್ನ ಕೈಯ ಕುಂಚ ಎಳೆದುಕೊಂಡಳು. "ಸರ್ಕೋ ಅತ್ಲಾಗೆ. ಇಂಗೆ ಸವರಿದ್ರೆ ಕಂಬಳಿ ಅಲ್ಲ, ಹಪ್ಪಳ ಆಯ್ತದೆ." ಅವಳ ಹಿಂದೆ ಅವಳ ಸೊಸೆಯಂದಿರೂ ಬಂದರು. ಹಾಸು ಉಳಿಯಿತು.

ಅತ್ತೆ ಗುಂಡಿಗಿಳಿದು ನೇಯ್ದ ಆ ಮೊದಲ ಕಂಬಳಿ ಚೆನ್ನಾಗಿರಲಿಲ್ಲ. ಅದನ್ನವಳು ಮಡಿಸಿ ಒಳಗಿಡದೆ ಹೊರಗೋಡೆಗೆ ತೂಗುಹಾಕಿದಳು. ದೊಡ್ಡಮಾವ ಬಂದು ಅಂಚು ಹಿಡಿದು ನೋಡಿದ. "ಇದೇನು ಕಂಬಳೀನೋ, ಮೇಕೆ ಅಗಿದು ಉಗಿದಿದ್ದೋ?" ಬೀದಿ ನಕ್ಕಿತು. ಗಂಡನ ಅಣ್ಣನಿಗೆ ಮುಖ ಕೊಟ್ಟು ಮಾತಾಡುವ ಕಾಲವಲ್ಲ. ಅತ್ತೆ ಸೆರಗೆಳೆದುಕೊಂಡು ನನ್ನ ಕಡೆ ತಿರುಗಿದಳು. "ನಿಮ್ಮಾವಂಗೆ ಹೇಳು, ಎಲ್ಲೆಲ್ಲಿ ಕೆಟ್ಟೈತೆ ತೋರಿಸ್ಲಿ." ಅವನು ಹೆಮ್ಮೆಯಿಂದಲೇ ಒಂದೊಂದಾಗಿ ತೋರಿಸಿದ. "ತೋರಿಸ್ದೋರೇ ಗುಂಡಿಗಿಳಿದು ಹೆಂಗೆ ಸರಿ ಮಾಡೋದು ಅಂತ ಕಲಿಸ್ಬೇಕು, ಹೇಳು." ನಾನು ಹೇಳಿದೆ. ಬೀದಿಯ ನಗು ಈಗ ಅವನ ಕಡೆ ತಿರುಗಿತು. ಹಿಂದೆ ಸರಿದರೆ ನೇಯಲು ಬಾರದವನು ಅನ್ನಿಸಿಕೊಳ್ಳಬೇಕು. ಗೊಣಗುತ್ತ ಮಗ್ಗಕ್ಕೆ ಇಳಿದ. ಅಂಚಿನ ಎಳೆಯನ್ನು ಎಷ್ಟು ಬಿಗಿಯಬೇಕೆಂದು ತೋರಿಸಲು ಹೋಗಿ, ಅಜ್ಜಿ ಮುದ್ದೆಗೆ ಕರೆಯುವವರೆಗೂ ಮೇಲೆ ಬರಲಿಲ್ಲ. ಮಗ್ಗದ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಅದೇ ಬೀದಿಯ ಕಟ್ಟಳೆಯಾಯಿತು. ಮಗ್ಗದಿಂದ ಇಳಿದ ಕಂಬಳಿ ಗೋಡೆಗೆ. ತಪ್ಪು ಕಂಡವರು ತಿದ್ದಲು ಕೈ ಹಾಕಬೇಕು, ಸುಮ್ಮನೆ ಆಡಿಕೊಳ್ಳುವಂತಿಲ್ಲ. ಹಾಸು ಯಾರದಾದರೂ ಮುಯ್ಯಿ ಎಲ್ಲರದು. ಇದು ಸಲೀಸಾಗಿ ನಡೆಯಿತೆಂದು ಬರೆದರೆ ಸುಳ್ಳಾಗುತ್ತದೆ. ಮುನಿಸು, ಚುಚ್ಚುಮಾತು, ಬಾರದೆ ಉಳಿದವರು, ಎಲ್ಲ ಇತ್ತು. ಬಾರದವರ ಮನೆಗೂ ಅತ್ತೆ ಕುಂಚ ಹಿಡಿದು ಹೋಗುತ್ತಿದ್ದಳು. ಈಗ ಆ ಮನೆಗಳಿಲ್ಲ. ಗೂಟ ನೆಡುತ್ತಿದ್ದ ಕಡೆ ಚಪ್ಪಡಿ ಹಾಸಿದ್ದಾರೆ. ನಾನು ಹೋಗಿ ಹೆಸರು ಹೇಳಿದರೆ ಗುರುತಿಸುವವರಿಲ್ಲ.

ಇನ್ನೊಂದು ಬೆಳಗನ್ನು ಬರೆಯಬೇಕು. ಅಂದು ದೊಡ್ಡಮಾವನ ಹಾಸು ಬೀದಿಯಲ್ಲಿತ್ತು. ಅವನು ಕೆಲವು ದಿನಗಳಿಂದ ಕಾಯಿಲೆ ಬಿದ್ದು ಮಲಗಿದ್ದ. ಅರ್ಧ ತೀಡಿದ್ದೆವು, ಅಷ್ಟರಲ್ಲಿ ಅವನ ಮನೆಯೊಳಗಿಂದ ಹೆಂಗಸರ ಅಳು ಎದ್ದಿತು. ಬೀದಿಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ಯಾರೂ ಕೆಲಸ ಮುಟ್ಟುವಂತಿಲ್ಲ. ಎಲ್ಲರೂ ಕುಂಚ ಕೆಳಗಿಟ್ಟರು.

"ಇಡಬ್ಯಾಡ್ರಿ. ಭಾವನ ಹಾಸು ಕಣ್ರಕ್ಕ ಇದು," ಅಂದಳು ಅತ್ತೆ.

ಸಿದ್ದಕ್ಕ ಮೊದಲು ಬಗ್ಗಿ ತನ್ನ ಕುಂಚ ಎತ್ತಿಕೊಂಡಳು. ಆಮೇಲೆ ಉಳಿದವರು. ಒಳಗೆ ಅಳು ಏರುತ್ತಿತ್ತು. ಹೊರಗೆ ಎರಡು ಸಾಲು ಕೈಗಳು ಒಂದೇ ಹದದಲ್ಲಿ ಹೋಗಿ ಬರುತ್ತಿದ್ದವು. ತುದಿಯ ಗೂಟ ಮುಟ್ಟಿದ ಮೇಲೆ ಅತ್ತೆ ಎಳೆಗಳ ಮೇಲೆ ಅಂಗೈ ಆಡಿಸಿ ನೋಡಿದಳು, ಕೈ ತೊಳೆದುಕೊಂಡಳು, ಎಲ್ಲರಿಗಿಂತ ಕೊನೆಯವಳಾಗಿ ಆ ಮನೆಯ ಬಾಗಿಲು ದಾಟಿದಳು. ಅವಳ ದನಿ ಬೀದಿಗೆ ಕೇಳಿಸಿದ್ದು ಆಗ.