ಕೊಲ್ಲಾಪುರಮ್ಮನ ಬಚ್ಚಲಿಗೆ ಬಂದ ನೋಟೀಸು

ಸಿಡಿಗುಂಡನಹಳ್ಳಿ ಪಂಚಾಯ್ತಿಯ ಜವಾನ ಕ್ಯಾತಣ್ಣನಿಗೆ ಆ ಕೆಲಸ ಸಿಕ್ಕಿದ್ದು ಓದಿನಿಂದಲ್ಲ, ಗಂಟಲಿನಿಂದ. ಹಟ್ಟಿಯಲ್ಲಿ ಹುಟ್ಟಿ, ಇಪ್ಪತ್ತು ವರ್ಷದವನಾಗುವ ತನಕ ಮಿಡಿಗೇಶಿ ಬೆಟ್ಟದ ಸುತ್ತ ಕುರಿ ಕಾದವನು ಅವನು. ಈ ಗುಡ್ಡದಲ್ಲಿ ನಿಂತು ಕೂಗಿದರೆ ಆ ಗುಡ್ಡದಲ್ಲಿ ಮೇಯುತ್ತಿದ್ದ ಕುರಿ ತಲೆಯೆತ್ತುತ್ತಿತ್ತು. ಜನರನ್ನು ಮನೆಯಿಂದ ಹೊರಗೆ ಕರೆಯಲು ಇಂಥದೊಂದು ಗಂಟಲು ಪಂಚಾಯ್ತಿಗೂ ಬೇಕಾಗಿತ್ತು. ಖಾಕಿ ಅಂಗಿ ಕೊಟ್ಟು, ಎದೆಗೊಂದು ಹಿತ್ತಾಳೆ ಬಿಲ್ಲೆ ಸಿಕ್ಕಿಸಿ, ಕೈಗೆ ನೋಟೀಸಿನ ಕಟ್ಟು ಕೊಟ್ಟರು. ಕುರಿಗಳೇ ವಾಸಿ, ಕೂಗಿದರೆ ಬರುತ್ತಿದ್ದವು ಎಂದು ಅವನಿಗೆ ಮೊದಲ ವಾರದಲ್ಲೇ ಗೊತ್ತಾಯಿತು.

ನೋಟೀಸು ಜಾರಿ ಮಾಡುವುದಕ್ಕೊಂದು ಕ್ರಮವಿತ್ತು, ಕ್ಯಾತಣ್ಣ ಅದನ್ನು ದೇವರ ಕೆಲಸದಂತೆ ಪಾಲಿಸುತ್ತಿದ್ದ. ಹೊಸ್ತಿಲ ಆಚೆ ನಿಂತು ಮೂರು ಸಲ ಹೆಸರು ಕೂಗಬೇಕು. ಯಜಮಾನ ಬಂದರೆ ಕೈಗೆ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಬರದಿದ್ದರೆ ನೋಟೀಸಿನ ಬೆನ್ನಿಗೆ 'ಸದರಿ ಆಸಾಮಿ ಮನೆಯಲ್ಲಿ ಇರುವುದಿಲ್ಲ' ಎಂದು ಬರೆದು ವಾಪಸ್ಸು ತರಬೇಕು. ಮೂರನೇ ಕ್ಲಾಸಿಗೆ ಸ್ಲೇಟು ಒಡೆದುಕೊಂಡು ಬಂದಿದ್ದ ಕ್ಯಾತಣ್ಣನಿಗೆ ತಪ್ಪಿಲ್ಲದೆ ಬರೆಯಲು ಬರುತ್ತಿದ್ದದ್ದು ಈ ಒಂದೇ ವಾಕ್ಯ. ಅದನ್ನು ಎಷ್ಟು ಮುದ್ದಾಗಿ ಬರೆಯುತ್ತಿದ್ದನೆಂದರೆ, ಮನೆಯಲ್ಲಿಲ್ಲದ ಆಸಾಮಿಗೇ ನೋಡಿ ಖುಷಿಯಾಗಬೇಕು.

ಅವನ ಹೆಂಡತಿ ಕೊಲ್ಲಾಪುರಮ್ಮ. ನಾಗಲಮಡಿಕೆ ಕಡೆಯ ಹೆಣ್ಣು, ಮಾತಿನಲ್ಲಿ ಯಾರಿಗೂ ಬಾಕಿ ಉಳಿಸಿಕೊಂಡವಳಲ್ಲ. ಮದುವೆಯಾಗಿ ಹದಿನೈದು ವರ್ಷ ಅವಳು ಸ್ನಾನ ಮಾಡಿದ್ದು ಮನೆಯ ಪಕ್ಕದ ಈಚಲು ಗರಿಯ ತಡಿಕೆಯ ಮರೆಯಲ್ಲಿ. ಒಂದು ಕಿವಿ ಓಣಿಯ ಕಡೆ, ಒಂದು ಕಣ್ಣು ತಡಿಕೆಯ ತೂತಿನ ಕಡೆ, ಉಳಿದದ್ದರಲ್ಲಿ ಸ್ನಾನ. ಎಪ್ಪತ್ತೊಂಬತ್ತನೇ ಇಸವಿಯ ಸುಗ್ಗಿಯಲ್ಲಿ ಒಂದು ದಿನ ಚಿಕ್ಕರಂಗಯ್ಯನೆಂಬವನು ರಾಗಿಹುಲ್ಲನ್ನು ಆಳೆತ್ತರ ಹೇರಿಕೊಂಡು ಆ ಓಣಿಯಲ್ಲಿ ಗಾಡಿ ಹೊಡೆದ. ಹುಲ್ಲಿಗೆ ತಡಿಕೆ ಸಿಕ್ಕಿಕೊಂಡಿತು. ಗಾಡಿ ಮುಂದೆ ಹೋಯಿತು, ತಡಿಕೆಯೂ ಅದರ ಹಿಂದೆಯೇ ಮೆರವಣಿಗೆ ಹೊರಟು ಅರಳಿಕಟ್ಟೆ ಮುಟ್ಟಿತು. ಕೊಲ್ಲಾಪುರಮ್ಮ ಹಂಡೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಮಾನ ಉಳಿಸಿಕೊಂಡಳು. ತಾನು ಎತ್ತಿನ ಬಾಲ ಬಿಟ್ಟು ಬೇರೇನೂ ನೋಡಲಿಲ್ಲವೆಂದು ಚಿಕ್ಕರಂಗಯ್ಯ ಊರಿನ ದೇವರ ಮೇಲೆಲ್ಲ ಆಣೆ ಮಾಡಿದ.

ಎಂಟು ದಿನ ಕೊಲ್ಲಾಪುರಮ್ಮ ಗಂಡನ ಜೊತೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಕ್ಯಾತಣ್ಣ ಕಲ್ಲು ಹೊರತೊಡಗಿದ. ತಿಂಗಳೊಪ್ಪತ್ತಿನಲ್ಲಿ ಕಲ್ಲಿನ ಗೋಡೆ, ಮೇಲೆ ಚಪ್ಪಡಿ, ಹಲಗೆ ಬಾಗಿಲು, ಒಳಗಡೆ ಚಿಲಕ ಇರುವ ಬಚ್ಚಲುಮನೆ ಎದ್ದು ನಿಂತಿತು. ಒಲೆಯ ಬಾಯಿ ಹೊರಗೆ, ಹಂಡೆ ಒಳಗೆ. ಮೊದಲ ದಿನ ಕೊಲ್ಲಾಪುರಮ್ಮ ಚಿಲಕ ಹಾಕಿಕೊಂಡು ಒಳಗೆ ಹೋದವಳು ಮಧ್ಯಾಹ್ನದ ಮುದ್ದೆ ಹೊತ್ತಿಗೆ ಹೊರಗೆ ಬಂದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ಕ್ಯಾತಣ್ಣ ಮದುವೆಯ ದಿನವೂ ನೋಡಿರಲಿಲ್ಲ.

ಪಂಚಾಯ್ತಿಯ ಪರ್ಮಿಷನ್ ಕೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಊರವರೆಲ್ಲರಿಗೆ 'ಅನುಮತಿ ಇಲ್ಲದೆ ಕಟ್ಟಿದ್ದೀರಿ' ಎಂಬ ನೋಟೀಸು ಹಂಚಿ ಹಂಚಿ, ಪಂಚಾಯ್ತಿ ಎಂದರೆ ತಾನೇ ಎಂಬ ಭಾವನೆ ಅವನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಪಂಚಾಯ್ತಿ ಪಂಚಾಯ್ತಿಯನ್ನೇ ಹೋಗಿ ಕೇಳುವುದೆಂದರೇನು? ಗೋಡೆ ಓಣಿಯೊಳಕ್ಕೆ ಒಂದಿಷ್ಟು ಚಾಚಿತ್ತು, ನಿಜ. ಅದರ ಮೂಲೆಗೆ ಚಿಕ್ಕರಂಗಯ್ಯನ ಗಾಡಿಚಕ್ರದ ಗುಂಬ ಮೂರು ಸಲ ಬಡಿಯಿತು. ಮೂರನೆಯ ಸಲ ಅವನು ಗಾಡಿಯನ್ನು ಅಲ್ಲೇ ಬಿಟ್ಟು ನೇರ ಪಂಚಾಯ್ತಿ ಆಫೀಸಿಗೆ ನಡೆದು ದೂರು ಬರೆಸಿದ.

ಆಗ ಸೆಕ್ರೆಟರಿಯಾಗಿದ್ದವರು ಮಹಾಲಿಂಗಯ್ಯ, ಪಾವಗಡದ ಆಚೆಯಿಂದ ಹೊಸದಾಗಿ ವರ್ಗವಾಗಿ ಬಂದವರು. ರೂಲು ಎಂದರೆ ಪ್ರಾಣ. ದೂರನ್ನು ಎರಡು ಸಲ ಓದಿ, ನೋಟೀಸು ಬರೆದು, ಸೀಲು ಒತ್ತಿ, ಎದುರಿಗೆ ನಿಂತಿದ್ದ ಕ್ಯಾತಣ್ಣನ ಕಡೆಗೇ ಚಾಚಿದರು.

"ಏಮಯ್ಯಾ, ಇದನ್ನ ಹೋಗಿ ಜಾರಿ ಮಾಡು. ಏಳು ದಿನದಲ್ಲಿ ಗೋಡೆ ಕೀಳಬೇಕು."

"ಯಾರ್ದು ಸ್ವಾಮಿ?"

"ನಿನ್ನದೇ."

ಕ್ಯಾತಣ್ಣ ಕೈ ಚಾಚಲಿಲ್ಲ. "ಈಗ್ಲೇ ಈಸ್ಕೊಳ್ಳಾ, ಇಲ್ಲ ಕೊಡಾಕೆ ಓಗ್ಲಾ?"

"ಆಫೀಸಿನಲ್ಲಿ ನೀನು ಜವಾನ. ನೋಟೀಸು ಮನೆ ಯಜಮಾನನಿಗೆ ಅವನ ಮನೆ ಹೊಸ್ತಿಲಲ್ಲಿ ಹೋಗಬೇಕು. ರೂಲು ಗೊತ್ತಿಲ್ವಾ?"

ಗೊತ್ತಿತ್ತು. ಬಿಲ್ಲೆ ಸರಿಮಾಡಿಕೊಂಡು ಕ್ಯಾತಣ್ಣ ತನ್ನ ಮನೆಗೆ ಹೊರಟ. ನೋಟೀಸು ಜಾರಿಯಾದರೆ ಬಚ್ಚಲು ಬೀಳುತ್ತದೆ. ಬಚ್ಚಲು ಬಿದ್ದರೆ ಹೆಂಡತಿ ತವರಿಗೆ ಹೋಗುತ್ತಾಳೆ, ಅದನ್ನು ಅವಳು ಮೊದಲೇ ಹೇಳಿದ್ದಳು. ಹೊಸ್ತಿಲ ಆಚೆ ನಿಂತು ಕಣ್ಣು ಮುಚ್ಚಿ ಕೂಗಿದ: "ಕ್ಯಾತಣ್ಣಾ! ಲೇ ಕ್ಯಾತಣ್ಣಾ! ಕ್ಯಾತಣ್ಣಾ ಅವ್ನಾ?"

ಕೊಲ್ಲಾಪುರಮ್ಮ ಕೈಯ ಹಿಟ್ಟು ಕೊಡವುತ್ತಾ ಹೊರಗೆ ಬಂದಳು. "ಏನಾಯ್ತು ನಿಂಗೆ? ಬಿಸ್ಲು ನೆತ್ತಿಗೇರ್ತಾ?"

"ಡೂಟಿ ಮ್ಯಾಲೆ ಬಂದಿವ್ನಿ ಕಣಮ್ಮ. ಮನೆ ಯಜಮಾನ ಅವ್ನಾ?"

ಕೊಲ್ಲಾಪುರಮ್ಮ ಗಂಡನ ಮುಖ ನೋಡಿದಳು, ಕೈಯ ಕಾಗದ ನೋಡಿದಳು, ಆಮೇಲೆ ಬಚ್ಚಲ ಕಡೆ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು.

"ಇಲ್ಲ. ಡೂಟಿಗೆ ಓಗವ್ನೆ."

"ಯಾವಾಗ್ ಬತ್ತಾನೆ?"

"ಡೂಟಿ ಮುಗುದ್ ಮ್ಯಾಲೆ."

ಕ್ಯಾತಣ್ಣನಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ಜಗುಲಿಯ ಮೇಲೆ ಕೂತು, ನೋಟೀಸಿನ ಬೆನ್ನಿಗೆ ತನ್ನ ವಾಕ್ಯವನ್ನು ಎಂದಿಗಿಂತ ಮುದ್ದಾಗಿ ಬರೆದ. ಅದರಲ್ಲಿ ಸುಳ್ಳೆಂಬುದು ಒಂದಕ್ಷರವೂ ಇರಲಿಲ್ಲ.

ಮರುದಿನವೂ ಇದೇ ಆಯಿತು. ಮೂರನೆಯ ದಿನವೂ ಆಯಿತು. ಸಂಜೆ ಹೋಗು ಎಂದರು ಮಹಾಲಿಂಗಯ್ಯ. ಐದೂವರೆ ಆದಮೇಲೆ ಜವಾನ ಡ್ಯೂಟಿಯಲ್ಲಿ ಇರುವುದಿಲ್ಲ, ನೋಟೀಸು ಯಾರು ಕೊಡಬೇಕು ಎಂದ ಕ್ಯಾತಣ್ಣ. ಭಾನುವಾರ ಹೋಗು ಎಂದರು. ಭಾನುವಾರ ಆಫೀಸೇ ಇಲ್ಲವಲ್ಲ ಎಂದ. ಯಜಮಾನ ಇರುವ ಹೊತ್ತಿನಲ್ಲಿ ಜವಾನನಿಲ್ಲ, ಜವಾನನಿರುವ ಹೊತ್ತಿನಲ್ಲಿ ಯಜಮಾನನಿಲ್ಲ. ಮಹಾಲಿಂಗಯ್ಯ ರೂಲಿನ ಪುಸ್ತಕ ತೆಗೆದು ಮಧ್ಯಾಹ್ನವೆಲ್ಲ ಹುಡುಕಿದರು. ಇಂಥ ಆಸಾಮಿ ಆ ಪುಸ್ತಕ ಬರೆದವರ ಕಲ್ಪನೆಗೇ ಬಂದಿರಲಿಲ್ಲ. ಗೋಡೆಗೆ ಅಂಟಿಸಿ ಬಾ ಎಂದರು ಕೊನೆಗೆ. ಕ್ಯಾತಣ್ಣ ಗಟ್ಟಿಯಾಗಿ ಅಂಟು ಕಾಯಿಸಿ ಪ್ರಾಮಾಣಿಕವಾಗಿಯೇ ಅಂಟಿಸಿದ. ಆದರೆ ಒಳಗೆ ಹಂಡೆ ಕಾದಾಗಲೆಲ್ಲ ಹಬೆಗೆ ಆ ಗೋಡೆ ಬೆವರುತ್ತಿತ್ತು, ನೋಟೀಸು ಜಾರಿ ಬಿದ್ದು ಬಚ್ಚಲ ನೀರಿನಲ್ಲಿ ತೇಲಿಕೊಂಡು ಚರಂಡಿ ಸೇರುತ್ತಿತ್ತು. ದಿನವಿಡೀ ಯಾಕೆ ಹಂಡೆ ಕಾಯುತ್ತದೆ ಎಂದು ಅವನಾದರೂ ಕೇಳಬೇಕಾಗಿತ್ತು, ಕೇಳಲಿಲ್ಲ.

ಮಹಾಲಿಂಗಯ್ಯನವರ ತಾಳ್ಮೆ ಮುಗಿಯಿತು. ಸೋಮವಾರ ಹನ್ನೊಂದಕ್ಕೆ ಛೇರ್ಮನ್ ರುದ್ರಯ್ಯನವರನ್ನೂ ನಾಲ್ಕು ಜನ ಮೆಂಬರುಗಳನ್ನೂ ಕಟ್ಟಿಕೊಂಡು ಸ್ಥಳ ತನಿಖೆಗೆ ತಾವೇ ಬಂದರು. ಚಿಕ್ಕರಂಗಯ್ಯ ಮೀಸೆ ತಿರುವಿಕೊಂಡು ಹಿಂದೆ ಬಂದ. ಅಳತೆ ಟೇಪಿನ ಒಂದು ತುದಿ ಹಿಡಿಯುವ ಕರ್ಮ ಕ್ಯಾತಣ್ಣನದು.

ಕೊಲ್ಲಾಪುರಮ್ಮ ಹೊರಗೆ ಒಲೆಯ ಮುಂದೆ ಕೂತು ಸೌದೆ ಒಟ್ಟುತ್ತಿದ್ದಳು. ಬಚ್ಚಲ ಬಾಗಿಲು ಹಾಕಿತ್ತು.

"ಮೂರಡಿ ಒತ್ತುವರಿ," ಎಂದು ಮಹಾಲಿಂಗಯ್ಯ ಬರೆದುಕೊಂಡರು. "ಒಳಗೂ ಅಳೀಬೇಕು. ಬಾಗಿಲು ತೆಗೆಸಮ್ಮ."

"ಒಳಗೆ ಹೆಂಗಸ್ರು ಅವ್ರೆ."

"ಯಾರೇ ಇರ್ಲಿ, ಪಂಚಾಯ್ತಿಯೇ ಬಂದು ನಿಂತೈತೆ. ಈಚೆಗೆ ಕರಿ ಕಣಮ್ಮ!" ಎಂದರು ರುದ್ರಯ್ಯ, ಮೆಂಬರುಗಳಿಗೆ ಕೇಳಿಸುವ ಹಾಗೆ.

"ನಾನ್ ಕರುದ್ರೆ ಬೈತಾರೆ. ನೀವೇ ಕರೀರಿ."

ರುದ್ರಯ್ಯ ಕ್ಯಾತಣ್ಣನಿಗೆ ಕಣ್ಸನ್ನೆ ಮಾಡಿದರು. ಕ್ಯಾತಣ್ಣ ಗಂಟಲು ಸರಿಮಾಡಿಕೊಂಡು, ಗುಡ್ಡದ ಕುರಿ ತಿರುಗಿಸುವ ಸ್ವರದಲ್ಲಿ ಕೂಗಿದ: "ಒಳಗಿರೋರು ಈಚೆಗೆ ಬರ್ಬೇಕೂ! ಛೇರ್ಮನ್ರು ಬಂದವ್ರೇ!"

ಒಳಗೆ ನೀರು ಹುಯ್ದುಕೊಳ್ಳುವ ಸದ್ದು ನಿಂತಿತು.

"ಯಾವ ಛೇರ್ಮನ್ನು?" ಎಂದಿತು ಒಳಗಿನ ದನಿ. "ಊರೋರು ನೋಡ್ಲಿ ಅಂತ ಮ್ಯಾಲೊಂದು ಮಾಳಿಗೆ ಕಟ್ಸಿ, ಹೆಂಡ್ತಿಗೊಂದು ಬಚ್ಚಲು ಕಟ್ಸಕ್ಕಾಗ್ದೇ ಇರೋನಾ? ಸೀಗೇಪುಡಿ ಕಣ್ಣಿಗೆ ಬಿದ್ದೈತೆ. ನಿಂತಿರಾಕ್ ಹೇಳು!"

ಅದು ಛೇರ್ಮನ್ನರ ಹೆಂಡತಿ ಬಸವಮ್ಮನ ದನಿ. ಗುರುತು ಹಿಡಿಯಲು ಯಾರಿಗೂ ಕಷ್ಟವಾಗಲಿಲ್ಲ, ರುದ್ರಯ್ಯನವರಿಗಂತೂ ಇಪ್ಪತ್ತೆರಡು ವರ್ಷದ ಅಭ್ಯಾಸ. ಅವರು ಓಣಿಯ ಮೇಲಿನ ಆಕಾಶವನ್ನು ನೋಡತೊಡಗಿದರು. ಚಿಕ್ಕರಂಗಯ್ಯ ಬಾಯಿಗೆ ಟವೆಲ್ಲು ಒತ್ತಿಕೊಂಡು ಕಿಸಿಕಿಸಿ ನಕ್ಕ. ಅವನ ನಗು ಮುಗಿಯುವ ಮೊದಲೇ ಓಣಿಯ ತಿರುವಿನಲ್ಲಿ ಚೊಂಬು, ಸೀರೆ, ಅರಿಶಿನದ ಬಟ್ಟಲು ಹಿಡಿದುಕೊಂಡು ಅವನ ಹೆಂಡತಿಯೇ ಬಂದಳು.

"ಕೊಲ್ಲಾಪುರಮ್ಮಕ್ಕ, ನನ್ ಸರ್ತಿ ಬಂತಾ?" ಎಂದವಳು ಅಷ್ಟೂ ಗಂಡಸರನ್ನು ನೋಡಿ ಗಕ್ಕನೆ ನಿಂತಳು. ಗಂಡನನ್ನು ನೋಡಿ, "ನಿಂಗೇನ್ ಕೆಲ್ಸ ಇಲ್ಲಿ?" ಎಂದಳು.

ಚಿಕ್ಕರಂಗಯ್ಯ ಟವೆಲ್ಲಿನಿಂದ ಇಲ್ಲದ ಬೆವರು ಒರೆಸಿಕೊಂಡ.

ಕ್ಯಾತಣ್ಣನಿಗೂ ಇದು ಹೊಸ ಸುದ್ದಿ. ಅವನು ಡ್ಯೂಟಿಗೆ ಹೋದ ಮೇಲೆ ಅರ್ಧ ಊರಿನ ಹೆಂಗಸರು ತಂತಮ್ಮ ಸೌದೆ ತಂದು ಸರತಿಯಲ್ಲಿ ಅಲ್ಲಿಗೇ ಬರುತ್ತಿದ್ದರು. ಚಿಲಕವಿರುವ ಬಚ್ಚಲು ಆ ಊರಿಗೆ ಅದೊಂದೇ. ಮಹಾಲಿಂಗಯ್ಯ ಪೆನ್ನಿನ ಮುಚ್ಚಳ ಹಾಕಿ, ಮೆಲ್ಲಗೆ ಒಲೆಯ ಹತ್ತಿರ ಬಂದು ದನಿ ತಗ್ಗಿಸಿದರು.

"ನಮ್ಮನೆಯಾಕೆ ಏನಾದರೂ...?"

"ಶುಕ್ರವಾರ," ಎಂದಳು ಕೊಲ್ಲಾಪುರಮ್ಮ, ಸೌದೆ ಮುಂದಕ್ಕೆ ತಳ್ಳುತ್ತಾ. "ಇದು ಬಿದ್ರೆ ನಾನು ನಮ್ಮಣ್ಣನ ಮನೆಗೋಯ್ತೀನಿ. ಇವ್ರೆಲ್ಲ ಎಲ್ಲಿಗೋಯ್ತಾರೆ, ನೀವೇ ಬರ್ಕೊಳ್ಳಿ ಬುಕ್ಕಿನಾಗೆ."

ಸಭೆ ಅಲ್ಲೇ ಓಣಿಯಲ್ಲಿ ನಡೆಯಿತು, ಬಸವಮ್ಮ ಹೊರಗೆ ಬರುವುದರೊಳಗೆ ಮುಗಿಸಬೇಕೆಂಬ ಆತುರ ರುದ್ರಯ್ಯನವರಿಗೆ. ಗಾಡಿ ತಿರುಗುವ ಹಾಗೆ ಗೋಡೆಯ ಮೂಲೆಯನ್ನು ಕೆತ್ತಿ ದುಂಡಗೆ ಮಾಡುವುದು, ಉಳಿದ ಗೋಡೆ ಇದ್ದಲ್ಲೇ ಇರುವುದು, ಅರ್ಜಿ ತೆಗೆದುಕೊಂಡು ಪರ್ಮಿಷನ್ ಕೊಡುವುದು ಎಂದು ಒಮ್ಮತದಿಂದ ತೀರ್ಮಾನವಾಯಿತು. ಎಲ್ಲರಿಗಿಂತ ಮೊದಲು ಕೈಯೆತ್ತಿದವನು ಚಿಕ್ಕರಂಗಯ್ಯ, ಅವನು ಮೆಂಬರೇ ಅಲ್ಲದಿದ್ದರೂ.

ಮಹಾಲಿಂಗಯ್ಯ ಜಗುಲಿಯ ಮೇಲೆ ಕೂತು ಅರ್ಜಿ ಬರೆಯಲು ಹೊರಟರು. "ಅರ್ಜಿದಾರ, ಕ್ಯಾತಣ್ಣ ಬಿನ್..."

"ತಡೀರಿ ಸ್ವಾಮಿ," ಎಂದ ಕ್ಯಾತಣ್ಣ. ಅವನಿಗೆ ನಾಚಿಕೆಯಾಗಿತ್ತು. ಒಂದು ವಾರದಿಂದ ಜವಾನನಾಗಿ ಒಂದು ಸಲ, ಯಜಮಾನನಾಗಿ ಒಂದು ಸಲ ಅವನು ಬಚ್ಚಿಟ್ಟುಕೊಂಡದ್ದೇ ಬಂತು. ಇಬ್ಬರಲ್ಲಿ ಒಬ್ಬನೂ ಎದುರು ನಿಂತು ಒಂದು ಮಾತು ಆಡಿರಲಿಲ್ಲ. ಆಡಿದವಳು ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು. ಅವಳ ಮೇಲೆ ಅವನಿಗೆ ತಡೆಯಲಾರದಷ್ಟು ಪ್ರೀತಿ ಬಂತು. "ಬಚ್ಚಲು ಅವಳ್ದು. ಅವಳ ಹೆಸ್ರಿಗೇ ಬರೀರಿ."

ಮಹಾಲಿಂಗಯ್ಯ ಕನ್ನಡಕದ ಮೇಲಿಂದ ನೋಡಿದರು, ಆಮೇಲೆ 'ಕೊಲ್ಲಾಪುರಮ್ಮ ಕೋಂ ಕ್ಯಾತಣ್ಣ' ಎಂದು ಬರೆದರು. ಮಸಿಯ ಪ್ಯಾಡು ಆಫೀಸಿನಲ್ಲಿ ಉಳಿದಿತ್ತು. ಕೊಲ್ಲಾಪುರಮ್ಮ ಒಲೆಯ ಬಾಯಿಯ ಮಸಿಯನ್ನೇ ಹೆಬ್ಬೆಟ್ಟಿಗೆ ಬಳಿದುಕೊಂಡು ಒತ್ತಿದಳು. ಕಾಗದದ ಮೇಲೆ ತನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅದನ್ನೇ ತುಂಬ ಹೊತ್ತು ನೋಡಿದಳು.

ಶನಿವಾರ ಪರ್ಮಿಷನ್ ಕಾಗದ ಕೈಗೆ ಬಂತು. ಭಾನುವಾರ ಕ್ಯಾತಣ್ಣ ಹಾರೆ ಹಿಡಿದು ಮೂಲೆ ಕೆತ್ತಿ, ಮೈಯೆಲ್ಲ ಧೂಳು ಮಾಡಿಕೊಂಡು, ಟವೆಲ್ಲು ಹಿಡಿದು ಬಚ್ಚಲ ಬಾಗಿಲಿಗೆ ಬಂದ. ಕೊಲ್ಲಾಪುರಮ್ಮ ಅಡ್ಡ ನಿಂತಳು.

"ಎಲ್ಲಿಗೆ?"

"ನೀರು ಹುಯ್ಕೊಳ್ಳಾಕೆ."

"ಪರ್ಮಿಷನ್ ಯಾರ ಹೆಸ್ರಿಗೈತೆ?"

"ನಿನ್ ಹೆಸ್ರಿಗೆ."

"ಅಂಗಾದ್ರೆ ಕೇಳ್ಬೇಕು ತಾನೆ?"

ಅವಳು ನಗುತ್ತಾಳೇನೋ ಎಂದು ಕ್ಯಾತಣ್ಣ ಕಾದ. ನಗುವ ಲಕ್ಷಣ ಕಾಣಲಿಲ್ಲ. ಒಳಗೆ ಯಾರೋ ನೀರು ಹುಯ್ದುಕೊಳ್ಳುತ್ತಿದ್ದರು, ಗೋಡೆಯ ಪಕ್ಕದಲ್ಲಿ ಇನ್ನಿಬ್ಬರು ಚೊಂಬು ಹಿಡಿದು ಕೂತಿದ್ದರು. ಅವನು ಎರಡೂ ಕೈ ಮುಗಿದು, "ಪರ್ಮಿಷನ್ ಕೊಡಿ ತಾಯಿ," ಎಂದ.

ಕೊಲ್ಲಾಪುರಮ್ಮ ಸೆರಗು ಸರಿಮಾಡಿಕೊಂಡು, ಥೇಟ್ ಮಹಾಲಿಂಗಯ್ಯನವರ ಹಾಗೆ ಅವನನ್ನು ಮೇಲಿಂದ ಕೆಳಗಿನ ತನಕ ನೋಡಿದಳು.

"ನಾಳೆ ಬನ್ನಿ," ಎಂದಳು.

ಕ್ಯಾತಣ್ಣ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಬಾವಿಯ ಕಡೆ ನಡೆದ. ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದ.